ಆರುನೂರ ನಲವತ್ತೊಂದು

ನದೀತೀರದ ಆ ಗಣಿತಶಾಲೆಯಲ್ಲಿ ಒಂದು ಸಂಖ್ಯೆಗೆ ದಿನವೂ ಕೈಮುಗಿಯುತ್ತಿದ್ದರು. ಒಂದನ್ನು ಮೂವತ್ತೆರಡು ಸಲ ಇಮ್ಮಡಿಸಿ, ಕೊನೆಗೆ ಒಂದು ಕೂಡಿಸಿದರೆ ಬರುವ ಸಂಖ್ಯೆ. ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು.

ಒಂದು ಮತ್ತು ತಾನು, ಈ ಎರಡರ ಹೊರತು ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗದು ಎಂದು ಮೂಲಗುರು ಹೇಳಿ ಹೋಗಿದ್ದರು.

ಓದು ಮುಗಿಸಿದ ಶಿಷ್ಯ ಮರಳ ಹಲಗೆಯ ಮೇಲೆ ಅದನ್ನು ಸಾವಿರದವರೆಗೆ ತಾನೇ ಭಾಗಿಸಿ ನೋಡಬೇಕು. ಆಮೇಲೆ ಸಭೆಯಲ್ಲಿ ನಿಂತು 'ಭಾಗವಾಗದು' ಎನ್ನಬೇಕು. ಅಂದವನಿಗೆ ಪಾಠ ಹೇಳುವ ಅಧಿಕಾರ. ಅನ್ನದವನು ಗಂಟುಮೂಟೆ ಕಟ್ಟಬೇಕು.

ನಾಗದೇವ ಇಪ್ಪತ್ತು ದಿನ ಭಾಗಿಸಿದ. ಇಪ್ಪತ್ತೊಂದನೆಯ ಬೆಳಿಗ್ಗೆ, ಆರುನೂರ ನಲವತ್ತೊಂದರಲ್ಲಿ, ಶೇಷ ಸೊನ್ನೆ ಬಂತು.

ಒರೆಸಿದ. ಮತ್ತೆ ಮಾಡಿದ. ಸೊನ್ನೆ.

ಮೂರನೆಯ ಸಲ ಮಾಡಿದ. ಆಗಲೂ ಸೊನ್ನೆ.

ಸಭೆ ಸೇರಿಯಾಗಿತ್ತು. ಕರೆಯಲು ಹಿರಿಯ ಶಿಷ್ಯ ಪದುಮಯ್ಯ ಬಂದ.

"ಏನಯ್ಯಾ, ಇನ್ನೂ ಆರುನೂರರಲ್ಲೇ ಇದ್ದೀಯಾ? ನಾನು ನೂರಕ್ಕೇ ಕೈತೊಳೆದುಕೊಂಡವನು!"

"ಅಣ್ಣಾ, ಇದು ಭಾಗವಾಗುತ್ತದೆ."

ಪದುಮಯ್ಯನ ನಗು ನಿಂತಿತು. "ಏಳು ತಲೆಮಾರಿನ ಗುರುಗಳಿಗೆ ಕಾಣದ್ದು ನಿನಗೆ ಕಂಡಿತೋ? ಒರೆಸು. ಬಂದು ಒಂದು ಮಾತು ಹೇಳು, ಊಟಕ್ಕೆ ಏಳೋಣ."

"ಹೇಳಿದರೆ ಸುಳ್ಳಾಗುತ್ತದೆ."

"ಹೇಳದಿದ್ದರೆ ನಮ್ಮ ಗುರುಗಳು ಸುಳ್ಳಾಗುತ್ತಾರೆ. ಅವರೂ ಇದೇ ಸಭೆಯಲ್ಲಿ ನಿಂತು ಹೇಳಿದವರೇ. ಹನ್ನೆರಡು ವರ್ಷ ಅವರ ಅನ್ನ ತಿಂದಿದ್ದೀಯೆ, ನೆನಪಿರಲಿ."

ನಾಗದೇವನ ಅಂಗೈ ಮರಳಿನ ಮೇಲೆ ನಿಂತಿತು. ಒಂದು ಸಲ ಸವರಿದರೆ ಸಾಕು.

ಅವನು ಹಲಗೆಯನ್ನೇ ಎತ್ತಿಕೊಂಡ. ಅಂಕಿಗಳು ಜಾರದಂತೆ, ತುಂಬಿದ ಎಣ್ಣೆಯ ಬಟ್ಟಲು ಹಿಡಿದವನಂತೆ, ಹೆಜ್ಜೆ ಹೆಜ್ಜೆಯಾಗಿ ನಡೆದ.

ಗುರುಗಳು, ವೃದ್ಧ ಬೊಪ್ಪಣ್ಣ ಪಂಡಿತರು, ಮಣೆಯ ಮೇಲೆ ಕುಳಿತಿದ್ದರು.

"ಹೇಳು ಮಗೂ. ಭಾಗವಾಗುತ್ತದೆಯೋ, ಇಲ್ಲವೋ?"

ನಾಗದೇವ ಹಲಗೆಯನ್ನು ಅವರ ಮುಂದೆ ಇಟ್ಟ.

"ಆರುನೂರ ನಲವತ್ತೊಂದರಿಂದ ಆಗುತ್ತದೆ, ಗುರುಗಳೇ."

"ಗುರುದ್ರೋಹಿ!" ಹಿಂದಿನಿಂದ ಯಾರೋ ಅಂದರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ.

ಪಂಡಿತರು ಹಲಗೆಯನ್ನು ಬಹಳ ಹೊತ್ತು ನೋಡಿದರು. ಅವರ ತುಟಿ ಅಲುಗಲಿಲ್ಲ, ಬೆರಳು ಎಣಿಸಲಿಲ್ಲ. ನಾಗದೇವ ಅದನ್ನು ಗಮನಿಸಿದ. ಗಂಟುಮೂಟೆ ಕಟ್ಟುವುದೇ ಸೈ ಅಂದುಕೊಂಡ.

ಅವರು ಮಣೆಯಿಂದ ಎದ್ದರು. ನಾಗದೇವನ ತೋಳು ಹಿಡಿದು ಅದರ ಮೇಲೆ ಕೂರಿಸಿದರು. ತಾವು ಕೆಳಗೆ, ಶಿಷ್ಯರ ಚಾಪೆಯ ಮೇಲೆ ಕುಳಿತರು.

ನಾಗದೇವ ಗಾಬರಿಯಾದ. "ಗುರುಗಳೇ, ತಾವು ಲೆಕ್ಕ ತಾಳೆ ನೋಡಲೇ ಇಲ್ಲ."

"ನಲವತ್ತು ವರ್ಷದ ಹಿಂದೆ, ಇದೇ ಹಲಗೆಯ ಮೇಲೆ ನೋಡಿದ್ದೆ. ಒರೆಸಿ, ಸಭೆಗೆ ಬಂದೆ."