ಕಂಬದ ಬುಡದಲ್ಲಿ ಕೃಷ್ಣೆ ಸುತ್ತುವುದೇಕೆ

ನೆಲ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಗಾಳಿಗೂ ನದಿಗೂ ಮಾತು ಬರುತ್ತಿದ್ದ ಕಾಲ ಅದು. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಮನುಷ್ಯರಿಗೂ ಇತ್ತು.

ಆಗ ಕೃಷ್ಣೆಯ ದಂಡೆಯಲ್ಲಿ ದ್ಯಾವವ್ವ ಎಂಬ ಕಲ್ಲು ಒಡೆಯುವ ಹೆಂಗಸಿದ್ದಳು. ಅವಳಿಗೆ ನೀಲವ್ವ ಒಬ್ಬಳೇ ಮಗಳು. ಆ ಮಗಳನ್ನು ಹೊಳೆಯ ಆಚೆ ದಂಡೆಗೆ ಮದುವೆ ಮಾಡಿ ಕೊಟ್ಟಿದ್ದಳು. "ಏನು ದೂರ? ಕೂಗಿದ್ರ ಕೇಳತೈತಿ" ಎಂದು ಎಲ್ಲರ ಮುಂದೆ ಧೈರ್ಯವಾಗಿ ಹೇಳಿದ್ದಳು. ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಹೊಳೆ ಅಷ್ಟು ಅಗಲವಿತ್ತು.

ಮಾಘ ಮಾಸದಲ್ಲಿ ಒಂದು ದಿನ ಗಾಳಿ ಓಡೋಡಿ ಬಂದಿತು.

"ದ್ಯಾವವ್ವಾ, ನಿನ್ನ ಮಗಳು ಬಸುರಿ ಅದಾಳ!"

ದ್ಯಾವವ್ವ ನಕ್ಕಳು, ಅತ್ತಳು, ಆಮೇಲೆ ಬೆರಳು ಮಡಚಿ ತಿಂಗಳು ಎಣಿಸಿದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಗಂಡನ ಮನೆಯವರು ಕುಬಸದ ಸೀಮಂತ ಮಾಡಿ, ಹಸಿರು ಸೀರೆ ಉಡಿಸಿ, ಆಮೇಲೆಯೇ ತವರಿಗೆ ಕಳಿಸುವುದು. ಅದಕ್ಕೆ ಮೊದಲು ಕರೆತರುವ ಪದ್ಧತಿಯಿಲ್ಲ. ಆ ಏಳನೇ ತಿಂಗಳು ಬರುವುದು ಆಷಾಢದಲ್ಲಿ. ಆಷಾಢ ಬಂತೆಂದರೆ ಹೊಳೆ ತುಂಬಿ ಬರುತ್ತದೆ, ಅಂಬಿಗರು ಹರಿಗೋಲನ್ನು ಬೋರಲು ಹಾಕಿ ಮನೆ ಸೇರುತ್ತಾರೆ.

ಮಗಳು ದಾಟಿ ಬರಲೆಂದು ದ್ಯಾವವ್ವ ಮೊದಲು ಹೊಳೆಗೆ ಮರದ ದಿಮ್ಮಿ ಉರುಳಿಸಿದಳು. ಅದು ತೇಲಿಕೊಂಡು ಹೋಯಿತು. ಆಮೇಲೆ ನಾರಿನ ಹಗ್ಗ ಹೊಸೆದು ದಂಡೆಯಿಂದ ದಂಡೆಗೆ ಕಟ್ಟಿದಳು. ಅದು ತೂಗಾಡುವುದನ್ನು ಕಂಡು ಕೋತಿ ಕೂಡ ಅರ್ಧದಿಂದಲೇ ಹಿಂದಿರುಗಿತು. ಇನ್ನು ಬಸುರಿ ಹೇಗೆ ದಾಟಿಯಾಳು?

ಕೊನೆಗೆ ತನಗೆ ಗೊತ್ತಿದ್ದ ಕೆಲಸಕ್ಕೇ ಕೈ ಹಾಕಿದಳು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯೊಳಗೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಂಬ ಕಟ್ಟತೊಡಗಿದಳು. ಕಂಬದಿಂದ ಕಂಬಕ್ಕೆ ಹೆಜ್ಜೆ ಇಟ್ಟು ದಾಟುವ ಸೇತುವೆ ಅದು.

ಕೃಷ್ಣೆ ನೋಡಿದಳು. "ಕಟ್ಟು ದ್ಯಾವವ್ವಾ, ಬ್ಯಾಡ ಅನ್ನೂದಿಲ್ಲ. ಆದ್ರ ಕಂಬದ ನಡುವ ಎರಡು ಮಾರು ಜಾಗ ಬಿಡು. ಆಷಾಢದಾಗ ನಮ್ಮವ್ವ, ಆ ಗುಡ್ಡದಾಕಿ, ನನ್ನ ಉಡಿ ತುಂಬಿ ಕಳಸ್ತಾಳ. ತುಂಬಿದ ಉಡಿ ಹಿಡಕೊಂಡು ಇಕ್ಕಟ್ಟಿನಾಗ ಹೆಂಗ ಹಾಯಲಿ?"

"ಆತವ್ವಾ" ಎಂದಳು ದ್ಯಾವವ್ವ.

ಹಾಗೆಂದವಳು ಮನೆಗೆ ಹೋಗಿ ಹೊಟ್ಟೆಗೆ ಜೋಳದ ಗಂಟು ಕಟ್ಟಿಕೊಂಡು ನಡೆದು ನೋಡಿದಳು. ಎರಡು ಮಾರು ಎಲ್ಲಿ, ಒಂದು ಮೊಳ ಹಾರಲೂ ಆಗಲಿಲ್ಲ. ಬಸುರಿಯ ಹೆಜ್ಜೆ ಎಷ್ಟು ಬೀಳುತ್ತದೋ ಅಷ್ಟೇ ಜಾಗ ಬಿಟ್ಟು ಕಂಬ ಕಟ್ಟಿದಳು. ತಪ್ಪಾದದ್ದು ಅಲ್ಲೇ. ಬೈಯಬೇಕೆಂದರೂ ಬಾಯಿ ಬರುವುದಿಲ್ಲ.

ಆಷಾಢ ಬಂತು. ಹಸಿರು ಸೀರೆ ಉಟ್ಟ ನೀಲವ್ವ ಆಚೆ ದಂಡೆಯಿಂದ ಹೊರಟಳು. ಒಂದು ಕಂಬ, ಮತ್ತೊಂದು ಕಂಬ, ಇನ್ನೊಂದು ಕಂಬ. ಈಚೆ ದಂಡೆಯಲ್ಲಿ ದ್ಯಾವವ್ವ ಎರಡೂ ಕೈ ಚಾಚಿ ನಿಂತಿದ್ದಳು.

ಅದೇ ಹೊತ್ತಿಗೆ ಕೃಷ್ಣೆ ತುಂಬಿದ ಉಡಿ ಹೊತ್ತು ಬಂದಳು. ಸಂದಿನಲ್ಲಿ ನೀರು ಹಿಡಿಸಲಿಲ್ಲ. ಕಂಬಗಳ ಹಿಂದೆ ನೀರು ಏರಿತು, ಇನ್ನೂ ಏರಿತು.

"ಗಾಳೀ, ಅಕೀನ್ನ ಹಿಂದಕ ಕಳಸು!" ಎಂದು ಕೃಷ್ಣೆ ಕೂಗಿಕೊಂಡಳು.

ಗಾಳಿ ನೀಲವ್ವನ ಸೆರಗು ಹಿಡಿದು ಹಿಂದಕ್ಕೆ ಜಗ್ಗಿತು. "ಬಿಡೋ ಗಾಳಿ, ನಮ್ಮವ್ವ ನಿಂತಾಳ ಅಲ್ಲಿ" ಎಂದು ನೀಲವ್ವ ನಗುತ್ತ ಸೆರಗು ಬಿಡಿಸಿಕೊಂಡು ಮುಂದಿನ ಕಂಬಕ್ಕೆ ಕಾಲಿಟ್ಟಳು.

ನಡುವಿನ ಕಂಬಗಳು ಒಟ್ಟಿಗೇ ಕುಸಿದವು. ನೀರು ಹೋದ ಮೇಲೆ ನೀಲವ್ವ ಇರಲಿಲ್ಲ.

ದ್ಯಾವವ್ವ ದಂಡೆಯ ಕೆಸರಿನಲ್ಲಿ ಕುಸಿದು ಕೂತಳು. "ನೀನೂ ಒಬ್ಬಾಕಿ ಮಗಳಲ್ಲೇನ? ಹಿಡೀಬಾರದಾಗಿತ್ತ?" ಎಂದು ಕೃಷ್ಣೆಯನ್ನು ಕೇಳಿದಳು.

ಕೃಷ್ಣೆ ಅಳುತ್ತ ಹೇಳಿದಳು: "ಎರಡೂ ಕೈಲೆ ಉಡಿ ಹಿಡಿದಿದ್ದೆ, ಯವ್ವಾ. ಹಿಡಿಯಾಕ ನನಗ ಕೈ ಇರಲಿಲ್ಲ."

ದ್ಯಾವವ್ವ ಕೆಸರಿನಿಂದ ಎದ್ದು ನೀರಿನ ಅಂಚಿಗೆ ಬಂದಳು. "ಅಕೀನ್ನ ಹುಡುಕರ ಹುಡುಕು" ಎಂದಳು.

"ಮುಂದ ಹರಿದ ನನಗ ಹಿಂದಕ ಬರಾಕ ಆಗಂಗಿಲ್ಲ. ಆದ್ರ ಎಲ್ಲಿ ಕಂಬ ಕಂಡರೂ ಅಲ್ಲೊಂದು ಸುತ್ತು ಹುಡುಕೇ ಮುಂದ ಹೋಗ್ತೀನಿ" ಎಂದು ಕೃಷ್ಣೆ ಮಾತು ಕೊಟ್ಟಳು.

ಮರು ಬೇಸಿಗೆ ದ್ಯಾವವ್ವ ಮತ್ತೆ ಕಲ್ಲು ಹೊತ್ತಳು. ಈ ಸಲ ಊರೇ ಅವಳ ಜೊತೆ ಇಳಿಯಿತು. ಕಂಬಗಳ ನಡುವೆ ಎರಡು ಮಾರು ಬಿಟ್ಟು, ಮೇಲೆ ಉದ್ದನೆಯ ಚಪ್ಪಡಿ ಹಾಸಿದರು. ಯಾರ‍್ಯಾರದೋ ಹೆಣ್ಣುಮಕ್ಕಳು ಆ ಸೇತುವೆಯ ಮೇಲೆ ತವರಿಗೆ ಬಂದರು. ದ್ಯಾವವ್ವ ಒಬ್ಬೊಬ್ಬರನ್ನೂ ಕೈ ಹಿಡಿದು ದಂಡೆಗೆ ಇಳಿಸಿಕೊಂಡಳು.

ಅದಕ್ಕೇ ಮಗೂ, ನೀನು ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುತ್ತದೆ, ಎಲ್ಲ ಕಡೆ ನೇರವಾಗಿ ಓಡುವ ಕೃಷ್ಣೆ ಕಂಬದ ಬುಡಕ್ಕೆ ಬಂದಾಗ ಮಾತ್ರ ಗಿರ‍್ರನೆ ಒಂದು ಸುತ್ತು ಸುತ್ತಿ, ನೀಲವ್ವ ಅಲ್ಲಿ ಇಲ್ಲವೆಂದು ಕಂಡ ಮೇಲೆಯೇ ಮುಂದೆ ಹೋಗುತ್ತಾಳೆ.