ಬೊಮ್ಮಿ ಕುಟ್ಟಿದ ಮೆಟ್ಟಿಲುಗಳು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಇದನ್ನು ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಒಂದು ಊರು. ಊರ ಹಿಂದೆ ಬಂಡೆಗುಡ್ಡ, ಊರ ಮುಂದೆ ಹೊಂಡ. ಹೊಂಡಕ್ಕೆ ಇಳಿಯಲು ಮೂವತ್ತಮೂರು ಕಲ್ಲಿನ ಮೆಟ್ಟಿಲು. ಊರಿಗೆಲ್ಲ ಅದೊಂದೇ ನೀರು. ಜನ ತುಳಿದು ತುಳಿದು ಆ ಮೆಟ್ಟಿಲುಗಳು ಬೆಣ್ಣೆಯ ಹಾಗೆ ನುಣ್ಣಗಾಗಿದ್ದವಂತೆ.

ಆ ಊರಲ್ಲಿ ಮಾರಕ್ಕ ಅಂತ ಒಬ್ಬಳಿದ್ದಳಂತೆ. ಬೀಸುವ ಕಲ್ಲು, ರುಬ್ಬುವ ಕಲ್ಲು ಸವೆದು ನುಣ್ಣಗಾದರೆ ಉಳಿ ಸುತ್ತಿಗೆ ಹಿಡಿದು ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು. ಸುತ್ತಲ ಹದಿನೆಂಟು ಹಳ್ಳಿಯ ಕಲ್ಲುಗಳಿಗೆ ಅವಳ ಕೈ ಗೊತ್ತಿತ್ತಂತೆ. ಗಂಡ ಕರಿಯಣ್ಣ ಗುಡ್ಡದಲ್ಲಿ ಬಂಡೆ ಒಡೆಯುವವನು. ಅವರಿಗೆ ಒಬ್ಬಳೇ ಮಗಳು, ಬೊಮ್ಮಿ. ಎಂಟು ವರ್ಷ. ಅವ್ವ ಊರೂರು ಸುತ್ತುವಾಗ ಇವಳೂ ಸೆರಗು ಹಿಡಿದು ಹಿಂದೆ. ಅವ್ವ ಕುಟ್ಟುತ್ತಿದ್ದರೆ ಕಲ್ಲಿನ ಪುಡಿಯನ್ನು ಉಫ್ ಅಂತ ಊದುವುದು ಇವಳ ಕೆಲಸ.

ಒಂದು ಬೆಳಿಗ್ಗೆ ಮಾರಕ್ಕ ನೀರಿಗೆ ಹೋದಳು. ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಹತ್ತುತ್ತಿದ್ದವಳು, ಇನ್ನು ಏಳು ಮೆಟ್ಟಿಲು ಅನ್ನುವಾಗ ಜಾರಿದಳಂತೆ. ತಲೆ ಕಲ್ಲಿಗೆ ಬಡಿಯಿತು. ಅಷ್ಟೆ. ಊರೂರಿನ ಕಲ್ಲನ್ನು ಒರಟು ಮಾಡಿದವಳು ತನ್ನೂರಿನ ಕಲ್ಲಿನ ಮೇಲೆ ಜಾರಿ ಸತ್ತಳು. ಇದನ್ನು ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹಿಟ್ಟು ನುಣ್ಣಗಾಗಲಿಲ್ಲ ಅಂತ ಅವಳ ಮನೆ ಬಾಗಿಲಿಗೆ ಓಡುತ್ತಿದ್ದ ಊರಿನಲ್ಲಿ, ಒಬ್ಬರಿಗಾದರೂ ಆ ಮೆಟ್ಟಿಲು ಕುಟ್ಟಿಸಬೇಕು ಅಂತ ಹೊಳೆಯಬಾರದಿತ್ತೇ?

ಕಲ್ಲು ಕೆಲಸದವರಲ್ಲಿ ಆಗ ಒಂದು ಪದ್ಧತಿ ಇತ್ತಂತೆ. ಸತ್ತವರ ಉಳಿಯನ್ನು ಹನ್ನೊಂದನೆಯ ದಿನ ಹೊಂಡಕ್ಕೆ ಬಿಡಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು. ಬೊಮ್ಮಿ ಮುಟ್ಟಿದಳು. ನೆಂಟರ ಪೈಕಿ ಈರಜ್ಜಿ ಅಂತ ಒಬ್ಬಳು ಮುದುಕಿ, ಓಡಿಬಂದು ಅವಳ ಕೈ ಹಿಡಿದಳಂತೆ.

“ಮುಟ್ಟಬ್ಯಾಡ ಕಣವ್ವ! ಆ ಉಳಿ ಸದ್ದು ಕಿವಿಗೆ ಬಿದ್ರೆ ನಿಮ್ಮವ್ವ ಇನ್ನೂ ಕೆಲಸ ಐತೆ ಅಂದ್ಕಂಡು ತಿರುಗಿ ಬಂದ್ಬಿಡ್ತಾಳೆ.”

ಮುದುಕಿ ಹೆದರಿಸಲು ಹೇಳಿದ ಮಾತು. ಅವ್ವನನ್ನು ಕಳಕೊಂಡ ಮಗುವಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು ಹೇಳಿ.

ಹನ್ನೊಂದನೆಯ ದಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಳಿಯನ್ನು ಎಲ್ಲರೂ ಸೇರಿ ಹೊಂಡಕ್ಕೆ ಬಿಟ್ಟರು. ಗುಳುಗುಳು ಅಂತ ಗುಳ್ಳೆ ಎದ್ದಿತು. ಮಾರಕ್ಕನ ಜೀವಕ್ಕೆ ನೆಮ್ಮದಿ ಆಯಿತು ಅಂತ ಎಲ್ಲರೂ ಕೈ ಮುಗಿದರಂತೆ. ಬಟ್ಟೆಯೊಳಗಿದ್ದದ್ದು ಒಲೆ ಊದುವ ಕೊಳವೆ. ಉಳಿ ಬೊಮ್ಮಿಯ ಲಂಗದ ನೆರಿಗೆಯಲ್ಲಿತ್ತು.

ಮಾರನೆಯ ದಿನದಿಂದ ಶುರುವಾಯಿತು ನೋಡಿ. ಟಣ್, ಟಣ್, ಟಣ್. ಮೊದಲು ಮನೆಯ ಬೀಸುವ ಕಲ್ಲು. ಕುಟ್ಟುವುದು, ಬಾಗಿಲಿಗೆ ಓಡುವುದು, ದಾರಿ ನೋಡುವುದು. ಅವ್ವ ಬರಲಿಲ್ಲ. ಸದ್ದು ದೂರ ಹೋಗಲಿಲ್ಲವೇನೋ ಅಂದುಕೊಂಡು ಹೊಸ್ತಿಲ ಕಲ್ಲು ಕುಟ್ಟಿದಳು. ಮತ್ತೆ ಓಡಿ ದಾರಿ ನೋಡಿದಳು. ಬಟ್ಟೆ ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು, ಯಾರದೋ ಹೊಲದ ಗಡಿಕಲ್ಲು, ಯಾವುದನ್ನೂ ಬಿಡಲಿಲ್ಲವಂತೆ. ಒಂದು ಕಲ್ಲು ಮಂಕಾಗಿ ಸದ್ದು ಮಾಡಿದರೆ ಇನ್ನೊಂದಕ್ಕೆ ಓಟ. ಕೂತು ಉಣ್ಣುತ್ತಿರಲಿಲ್ಲ, ಮುದ್ದೆ ಕೈಯಲ್ಲಿ ಹಿಡಿದೇ ಓಡುತ್ತಿದ್ದಳಂತೆ. ಮಲಗಿದರೂ ಕಾಲು ಆಡುತ್ತಲೇ ಇರುತ್ತಿತ್ತಂತೆ.

ಒಂದು ದಿನ ಗೌಡರ ಜಗಲಿಯ ಕಲ್ಲನ್ನೂ ಕುಟ್ಟಿದಳು. ಮೂರು ತಲೆಮಾರು ಕೂತು ನುಣ್ಣಗೆ ಮಾಡಿದ್ದ ಕಲ್ಲು ಅದು. ಗೌಡ ನೋಡದೆ ಕೂತ, ಕೂತವನು ಸರಿದ, ಸರಿದವನು ಎದ್ದ. ಎದ್ದಾಗ ಪಂಚೆಯ ಹಿಂಭಾಗ ಎಳೆ ಎಳೆಯಾಗಿತ್ತಂತೆ. ನಗಬೇಡಿ. ಅಲ್ಲ, ನಗಿ, ಆ ಊರಿನವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರಂತೆ.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಯಾರದೋ ಹಸು ಹಾಲು ಬತ್ತಿಸಿತು. ಯಾರದೋ ಕೂಸಿಗೆ ಜ್ವರ ಬಂತು. ಮಾರಕ್ಕ ಅತ್ತ ಹೋಗಲಾರದೆ ಇತ್ತ ಬರಲಾರದೆ ಊರ ಬಾಗಿಲಲ್ಲಿ ನಿಂತಿದ್ದಾಳೆ, ಎಲ್ಲ ಆ ಉಳಿಯ ಸದ್ದಿನಿಂದ ಅಂತ ಜನ ಮಾತಾಡಿಕೊಂಡರಂತೆ. ಗೌಡ ಕಟ್ಟೆಯ ಮೇಲೆ ಊರು ಸೇರಿಸಿ ಅಪ್ಪಣೆ ಕೊಟ್ಟ: ಮೂರು ದಿನದೊಳಗೆ ಉಳಿ ಹೊಂಡಕ್ಕೆ ಬೀಳಬೇಕು, ಇಲ್ಲವಾದರೆ ಹುಡುಗಿಯನ್ನು ಗುಡ್ಡದಾಚೆಗೆ ಅವಳ ಸೋದರಮಾವನ ಮನೆಗೆ ಕಳಿಸಬೇಕು. ಅವ್ವ ಹೋದ ಮೇಲೆ ಆ ಮಗುವಿಗೆ ಉಳಿದಿದ್ದು ಒಂದು ಉಳಿ, ಒಬ್ಬ ಅಪ್ಪ. ಎರಡರಲ್ಲಿ ಒಂದನ್ನು ಬಿಡು ಅಂದರು.

ಅಪ್ಪನಾದರೂ ಏನಂದ? ಏನೂ ಅನ್ನಲಿಲ್ಲ. ಹೆಂಡತಿ ಹೋದ ದಿನದಿಂದ ಕರಿಯಣ್ಣ ಗುಡ್ಡಕ್ಕೆ ಹೋಗಿರಲಿಲ್ಲವಂತೆ. ಮನೆಯ ಗೋಡೆಗೆ ಒರಗಿ ಕೂತವನು ಕೂತೇ ಇದ್ದ. ಮಗಳು ನಿಲ್ಲಲಾರಳು, ಅಪ್ಪ ಏಳಲಾರ. ಈ ಗಂಡಸಿಗೆ ಕರುಳು ಇದೆಯೋ ಇಲ್ಲವೋ ಅಂತ ಈರಜ್ಜಿ ಎದುರಿಗೇ ಬೈದಳಂತೆ.

ಬೊಮ್ಮಿ ಎರಡು ದಿನ ಹುಚ್ಚು ಹಿಡಿದವಳ ಹಾಗೆ ಓಡಿದಳು. ಗುಡ್ಡ ಹತ್ತಿ ಕುಟ್ಟಿದಳು, ಇಳಿದು ಕುಟ್ಟಿದಳು. ಬೆರಳ ಸಂದಿಯಲ್ಲೆಲ್ಲ ರಕ್ತ. ಊರಲ್ಲಿ ಅವಳು ಕುಟ್ಟದೆ ಬಿಟ್ಟ ಕಲ್ಲು ಅಂದರೆ ಹೊಂಡದ ಮೆಟ್ಟಿಲು ಮಾತ್ರ. ಅತ್ತ ಮುಖ ಹಾಕಿ ಮಲಗುತ್ತಲೂ ಇರಲಿಲ್ಲವಂತೆ. ಮೂರನೆಯ ದಿನ ಬೇರೆ ದಾರಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದು ಹೋದಳು. ಮೊದಲ ಮೆಟ್ಟಿಲು ಕುಟ್ಟಿ ಅದರ ಮೇಲೆ ನಿಂತಳು. ಎರಡನೆಯದನ್ನು ಕುಟ್ಟಿ ಅದರ ಮೇಲೆ ನಿಂತಳು. ಹಾಗೇ ಇಳಿದು ಇಳಿದು ಅವ್ವ ಜಾರಿದ ಏಳನೆಯದಕ್ಕೆ ಬಂದಳು. ಅಲ್ಲಿ ಅವಳು ಕೊಟ್ಟ ಏಟಿಗೆ ಹೊಂಡದ ನಾಲ್ಕೂ ಗೋಡೆ ದನಿಗೊಟ್ಟವಂತೆ, ಗುಡ್ಡ ದನಿಗೊಟ್ಟಿತಂತೆ, ಹದಿನೆಂಟು ಹಳ್ಳಿಯ ಬೀಸುವ ಕಲ್ಲುಗಳು ಬೀಸುವವರಿಲ್ಲದೆ ಒಮ್ಮೆ ಗುಡುಗಿದವಂತೆ. ಅಷ್ಟು ದೊಡ್ಡ ಸದ್ದು. ಅದನ್ನು ಕೇಳದವರು ಯಾರೂ ಇರಲಿಲ್ಲ.

ಅವ್ವ ಬರಲಿಲ್ಲ. ಬಂದವನು ಅಪ್ಪ. ಮೆಟ್ಟಿಲು ಇಳಿದು ಬಂದು ಮಗಳ ಪಕ್ಕ ಕೂತನಂತೆ.

“ಅಪ್ಪಾ, ಅವ್ವಂಗೆ ಇದೂ ಕೇಳಲಿಲ್ವಾ?”

“ಕೇಳಿದ್ರೆ ಬರ್ತಿದ್ಲು ಮಗಾ.”

“ಇನ್ನೊಂದು ಸಲ ಕುಟ್ಲಾ?”

ಕರಿಯಣ್ಣನಿಗೆ ಆಗ ಅಳು ಬಂತಂತೆ. ಅಳುತ್ತಲೇ ಅಂದನಂತೆ: “ಬರಾಕಿಲ್ಲ ಕಣವ್ವ. ನೀನು ಕುಟ್ಟೋದ್ನ ನಾನು ಯಾಕೆ ಬ್ಯಾಡ ಅನ್ನಲಿಲ್ಲ ಹೇಳು? ನಾನೂ ಕಿವಿ ಕೊಟ್ಕಂಡೇ ಕೂತಿದ್ದೆ. ಈಗ ಬಂದಾಳು, ಇನ್ನೊಂದು ಏಟಿಗೆ ಬಂದಾಳು ಅಂತ ಕೂತಿದ್ದೆ.”

ಬೊಮ್ಮಿ ಅಪ್ಪನನ್ನೇ ನೋಡಿದಳಂತೆ. ಅವ್ವನಿಗಾಗಿ ಕಾಯುವವಳು ತಾನೊಬ್ಬಳೇ ಅಂದುಕೊಂಡಿದ್ದಳು ಪಾಪ. ಅವನ ತೋಳಿಗೆ ಬಿದ್ದು ಅತ್ತಳು. ಅವ್ವ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲಂತೆ. ಅತ್ತು ಮುಗಿದ ಮೇಲೆ ಅವಳು ಉಳಿ ಹಿಡಿದಳು, ಅಪ್ಪ ಸುತ್ತಿಗೆ ಎತ್ತಿದ. ಎಂಟನೆಯ ಮೆಟ್ಟಿಲು. ಒಂಬತ್ತನೆಯದು.

ಮಧ್ಯಾಹ್ನದ ಹೊತ್ತಿಗೆ ಗೌಡ ಊರವರನ್ನು ಕರೆದುಕೊಂಡು ಉಳಿ ಕೇಳಲು ಬಂದ. ಸಿಟ್ಟಿನಲ್ಲಿ ದಡದಡ ಇಳಿದವನ ಕಾಲು ಎಲ್ಲೂ ಜಾರಲಿಲ್ಲ. ಏಳನೆಯ ಮೆಟ್ಟಿಲಿಗೆ ಬಂದಾಗ ಅದು ಅವನಿಗೆ ಗೊತ್ತಾಯಿತು. ನಿಂತ. ಬಗ್ಗಿ ಕಲ್ಲು ಸವರಿದ. ಉಳಿಯ ಮಾತು ಎತ್ತದೆ ಅಲ್ಲೇ ಕೂತುಬಿಟ್ಟನಂತೆ, ಪಂಚೆಯ ಯೋಚನೆಯನ್ನೂ ಮಾಡದೆ. ಅವನು ಕೂತಿದ್ದನ್ನು ನೋಡಿ ಊರೂ ಕೂತಿತು. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟರು. ಈರಜ್ಜಿ ತನ್ನ ಬಾಯಿಂದ ಬಂದ ಮಾತು ನೆನೆಸಿಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡಳಂತೆ. ಬಿಡು ಸಾಕು ಅಂತ ಒಬ್ಬರೂ ಅನ್ನಲಿಲ್ಲ.

ಎಷ್ಟು ಹೊತ್ತು ಕುಟ್ಟಿದರು? ಸಂಜೆಯವರೆಗೆ ಅನ್ನುವವರಿದ್ದಾರೆ, ಒಂಬತ್ತು ದಿನ ಅನ್ನುವವರೂ ಇದ್ದಾರೆ. ಮೂವತ್ತಮೂರೂ ಮುಗಿದು ನೀರಿನೊಳಗಿನ ಕಲ್ಲುಗಳನ್ನೂ ಕುಟ್ಟಿದಳು, ನೀರು ಬಿಸಿಯಾಯಿತು ಅಂತಲೂ ಹೇಳುತ್ತಾರೆ. ಇರಲಿ. ಕೊನೆಗೆ ಉಳಿಯನ್ನು ಅವಳೇ ಕೆಳಗಿಟ್ಟಳು, ಯಾರೂ ಕಸಿಯಲಿಲ್ಲ. ಅಪ್ಪನ ತೊಡೆಯ ಮೇಲೆ ಮಲಗಿದವಳು ಮಾರನೆಯ ಮಧ್ಯಾಹ್ನಕ್ಕೆ ಎದ್ದಳಂತೆ. ಮುಂದೆ ಬೆಳೆದು ದೊಡ್ಡವಳಾಗಿ, ಹದಿನೆಂಟು ಹಳ್ಳಿಯ ಬಾವಿ ಹೊಂಡಗಳ ಮೆಟ್ಟಿಲನ್ನೆಲ್ಲ ಕುಟ್ಟಿದಳಂತೆ. ಎಲ್ಲೂ ಎರಡು ದಿನ ನಿಂತವಳಲ್ಲ. ಮುದುಕಿಯಾದ ಮೇಲೂ ನಿಂತೇ ಉಣ್ಣುತ್ತಿದ್ದಳಂತೆ.

ಇವತ್ತಿಗೂ ಆ ಊರಲ್ಲಿ ಸಣ್ಣ ಮಕ್ಕಳ ಅಪ್ಪನೋ ಅವ್ವನೋ ತೀರಿಕೊಂಡರೆ, ಹನ್ನೊಂದನೆಯ ದಿನ ಮಗುವಿನ ಕೈಗೆ ಉಳಿ ಸುತ್ತಿಗೆ ಕೊಟ್ಟು ಹೊಂಡಕ್ಕೆ ಕರೆದೊಯ್ಯುತ್ತಾರೆ. ಆ ಹೊತ್ತಿಗೆ ಊರಲ್ಲಿ ಬೇರೆ ಸದ್ದಿರಬಾರದು. ಬೀಸುವಂತಿಲ್ಲ, ಕುಟ್ಟುವಂತಿಲ್ಲ, ಬಂಡಿ ಕಟ್ಟುವಂತಿಲ್ಲ. ಮಗುವಿನ ಸದ್ದು ಹೋಗುವಷ್ಟು ದೂರ ಹೋಗಲಿ ಅಂತ. ಕೆಲವು ಮಕ್ಕಳು ಮೂರೇ ಏಟಿಗೆ ಹಸಿವು ಅನ್ನುತ್ತವೆ. ಕೆಲವು ಹೊತ್ತು ಮುಳುಗುವವರೆಗೂ ಕುಟ್ಟುತ್ತವೆ. ಎಷ್ಟು ಹೊತ್ತಾದರೂ ಊರೆಲ್ಲ ಮೆಟ್ಟಿಲ ಮೇಲೆ ಕೂತು ಕೇಳಬೇಕು, ಅಳಬೇಡ ಅನ್ನಬಾರದು, ಸುಮ್ಮನೆ ಕೂತುಕೋ ಅನ್ನಬಾರದು.

ಹೋದವರು ಬರುವುದಿಲ್ಲ ಅಂತ ಅಲ್ಲಿ ಕೂತ ದೊಡ್ಡವರಿಗೆಲ್ಲ ಗೊತ್ತು. ಆದರೂ ಆ ಟಣ್ ಟಣ್ ಕೇಳುತ್ತಿರುವಾಗ ಒಬ್ಬೊಬ್ಬರೂ ಒಂದು ಸಲವಾದರೂ ಕತ್ತು ತಿರುಗಿಸಿ ದಾರಿಯ ಕಡೆ ನೋಡುತ್ತಾರೆ. ಅಲ್ಲಿ ಕೂತು ನಾನೂ ನೋಡಿದ್ದೇನೆ.