ಮೂರು ಒನಕೆ, ಒಂದು ಒರಳು

ಒಂದಾನೊಂದು ಕಾಲದಲ್ಲಿ, ಅಕ್ಕಿ ಮಿಲ್ಲು ಅನ್ನೋದನ್ನ ಯಾರೂ ಕಂಡಿರದ ಕಾಲದಲ್ಲಿ, ಒಂದು ಮನೇಲಿ ಮೂರು ಜನ ಸೊಸೆಯರಿದ್ದರಂತೆ. ಹಿರಿಯವಳು ದೊಡ್ಡೀರಮ್ಮ, ನಡುವಿನವಳು ಮಾಳವ್ವ, ಕಿರಿಯವಳು ಚೆಲುವಿ. ಭತ್ತ ಕುಟ್ಟೋಕೆ ಒಂದೇ ಒರಳು, ಮೂರು ಒನಕೆ. ಒಬ್ಬಳದು ಇಳಿಯುವಾಗ ಉಳಿದವರದು ಮೇಲಿರಬೇಕು, ಇಲ್ಲದಿದ್ದರೆ ಒನಕೆಗೆ ಒನಕೆ ಬಡಿದು ಅಕ್ಕಿಯೆಲ್ಲ ನುಚ್ಚು. ಹೂಂ ಅನ್ನು, ಈಗಲೇ ಕಣ್ಣು ಮುಚ್ಚಬೇಡ.

ಮಾಳವ್ವನಿಗೆ ಚೆಲುವಿಯನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ. ಚೆಲುವಿ ಕುಟ್ಟುತ್ತ ಹಾಡಿದರೆ ಅತ್ತೆ, ಆಹಾ ನನ್ನ ಕೋಗಿಲೆ ಅನ್ನುತ್ತಿದ್ದಳಂತೆ. ಮಾಳವ್ವ ಕೇರಿದ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗಿದ್ದರೂ ಅದೇ ಬಾಯಿಂದ ಒಂದು ಮಾತಿಲ್ಲ. ಅದೂ ಅಲ್ಲದೆ ಚೆಲುವಿ ನಿಲ್ಲೋದು ನೆರಳಲ್ಲಿ, ಮಾಳವ್ವ ನಿಲ್ಲೋದು ಭತ್ತದ ಹೊಟ್ಟು ಹಾರಿ ಮುಖಕ್ಕೆ ಬೀಳುವ ಕಡೆ. ಬಾಯಿಬಿಟ್ಟು ಹೇಳಿದಳಾ? ಇಲ್ಲ. ಒಳಗೊಳಗೇ ಬೆಂದಳಂತೆ.

ಆಮೇಲೆ ನಾದಿನಿ ಪುಟ್ಟಿಯ ಮದುವೆ ಗೊತ್ತಾಯಿತಂತೆ. ಈ ಪುಟ್ಟಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಮಾಳವ್ವನೇ. ಅಕ್ಷತೆಯಲ್ಲಿ ಒಂದು ಮುರಿದ ಕಾಳು ಕಂಡರೂ ಮದುವೆ ನಿಲ್ಲಿಸ್ತೀವಿ ಅಂತ ಬೀಗಿತ್ತಿ ಹೇಳಿಕಳಿಸಿದಳಂತೆ. ಮನೇಲಿ ಉಳಿದಿದ್ದ ಭತ್ತ ಮೂರೇ ಮೊರ.

ಮೊದಲನೇ ಮೊರ ಹಾಕಿದರು. ಚೆಲುವಿ ಹಾಡು ಎತ್ತಿದಳು, ಮಾಳವ್ವ ಬೇಕಂತಲೇ ಚೂರು ತಡೆದು ಒನಕೆ ಬಿಟ್ಟಳು. ಟಕ್! ಎಲ್ಲ ನುಚ್ಚು. ಆಮೇಲೆ ದೊಡ್ಡೀರಮ್ಮ, ಜಗಳ ಬೇಡ ಕಣ್ರೇ, ನಗ್ತಾ ಕುಟ್ಟಿ ಅಂದಳಂತೆ. ಎರಡನೇ ಮೊರಕ್ಕೆ ಮೂವರೂ ಹಲ್ಲು ಕಿರಿದುಕೊಂಡೇ ಕುಟ್ಟಿದರು. ನಗು ಬಾಯಲ್ಲಿ, ಕೆಂಡ ಕೈಯಲ್ಲಿ. ಅದೂ ನುಚ್ಚು. ಪುಟ್ಟಿ ಆ ನುಚ್ಚನ್ನು ಅಂಗೈಲಿ ಹಿಡಿದು, ಅತ್ತಿಗೇ, ನನ್ನ ಮದುವೆ ನಿನಗೆ ಬೇಡವಾ ಅಂತ ಅತ್ತಳಂತೆ. ಮಾಳವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಆಮೇಲೆ ಮೂರನೇ ಮೊರ. ಅಕ್ಕಾ, ಚೆಲುವೀ, ಜಗಳ ಆಡೇಬಿಡೋಣ ಅಂದಳಂತೆ ಮಾಳವ್ವ. ಆದರೆ ಒನಕೆ ಇಳಿಸುವವಳು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಅಂದವಳೇ ಒನಕೆ ಇಳಿಸಿದಳು, ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ ಚೆಲುವಿ! ದೊಡ್ಡೀರಮ್ಮನದು ಇಳೀತು, ನಿಮ್ಮಿಬ್ಬರ ಮಧ್ಯೆ ನನ್ನ ಯಾರು ಕೇಳ್ತೀರೇ! ಚೆಲುವಿಯದು ಇಳೀತು, ಮಾಳವ್ವಕ್ಕಾ, ನಿನ್ನ ಹಾಗೆ ಕೇರೋಕೆ ಬರಲ್ಲ ಅಂತಾನೇ ನಾನು ಹಾಡೋದು! ಮತ್ತೆ ಮಾಳವ್ವನ ಸರದಿ, ಹೊಟ್ಟು ಪೂರಾ ನನ್ನ ಮುಖಕ್ಕೇ ಯಾಕೆ? ದೊಡ್ಡೀರಮ್ಮನ ಸರದಿ, ಮೊದಲೇ ಹೇಳೋಕೆ ಏನಾಗಿತ್ತು? ಚೆಲುವಿಯ ಸರದಿ, ಬಾ, ನನ್ನ ಜಾಗಕ್ಕೆ ಬಾ!

ಸರದಿ ಕಾಯ್ದು ಬೈದಾಡಿ ಬೈದಾಡಿ ಮೂರು ಒನಕೆಯೂ ಒಂದೇ ತಾಳಕ್ಕೆ ಬಂದವಂತೆ. ಕೇರಿ ನೋಡಿದರೆ ಒಂದು ಕಾಳೂ ಮುರಿದಿಲ್ಲ.

ಮದುವೆ ಆಯಿತು, ಪುಟ್ಟಿ ತಲೆ ಮೇಲೆ ಬಿದ್ದ ಮೊದಲ ಅಕ್ಷತೆ ಮಾಳವ್ವನದೇ. ಅತ್ತೆ ಆಗಲೂ ಹೊಗಳಿದ್ದು ಚೆಲುವಿಯ ಹಾಡನ್ನೇ ಅಂತೆ. ಮಾಳವ್ವನ ಹೊಟ್ಟೆಯಲ್ಲಿ ಚುರ್ ಅಂತು. ಇರಲಿ, ನಾಳೆ ಒರಳ ಹತ್ತಿರ ಹೇಳಿದರಾಯಿತು ಅಂದುಕೊಂಡು ಹೋಳಿಗೆ ಊಟಕ್ಕೆ ಕೂತಳಂತೆ.

ಕತೆ ಮುಗೀತು. ಒನಕೆ ಮೂಲೆಗೆ, ನೀನು ದಿಂಬಿಗೆ.